ಎರಡು ದಿನ ತಡವಾದರೆ ಬೈಗುಳ, ಒಂದು ವಾರ ತಡವಾದರೂ ಯಾರೂ ಕೇಳಲ್ಲ. ಯಾಕೆ?

ನಮಸ್ಕಾರ. ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. "ನನ್ನ ಕೆಲಸ ಎರಡೇ ದಿನ ತಡವಾಯಿತು. ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಬೈಸಿಕೊಂಡೆ. ಪಕ್ಕದ ತಂಡ ಒಂದು ವಾರ ತಡ ಮಾಡಿತು, ಅವರನ್ನು ಯಾರೂ ಒಂದು ಮಾತೂ ಕೇಳಲಿಲ್ಲ. ಇದು ಯಾವ ನ್ಯಾಯ?"

ಈ ಪ್ರಶ್ನೆ ನನ್ನ ತಲೆಯಿಂದ ಹೋಗಲೇ ಇಲ್ಲ. ಇದರ ಉತ್ತರ ಪ್ರಾಜೆಕ್ಟ್ ಶೆಡ್ಯೂಲಿಂಗ್‌ನ ಒಂದು ಪದದಲ್ಲಿದೆ: ಫ್ಲೋಟ್. ಕೆಲವರು ಸ್ಲ್ಯಾಕ್ ಅಂತಲೂ ಕರೆಯುತ್ತಾರೆ.

ಮೊದಲು ಬೇಸಿಕ್ಸ್, ಬೇಗ ಮುಗಿಸೋಣ. ಪ್ರಾಜೆಕ್ಟನ್ನು ಬಿಡಿ ಕೆಲಸಗಳಾಗಿ ಒಡೆದರೆ ಒಂದೊಂದೂ ಒಂದು ಟಾಸ್ಕ್. ಒಂದು ಮುಗಿಯದೆ ಇನ್ನೊಂದು ಶುರುವಾಗದಿದ್ದರೆ ಅದು ಡಿಪೆಂಡೆನ್ಸಿ. ದಿನಾಂಕದ ಉದ್ದಕ್ಕೂ ಪಟ್ಟಿ ಪಟ್ಟಿಯಾಗಿ ಕಾಣುತ್ತದಲ್ಲ, ಅದು ಗ್ಯಾಂಟ್ ಚಾರ್ಟ್. 1910ರ ದಶಕದಲ್ಲಿ ಹೆನ್ರಿ ಗ್ಯಾಂಟ್ ಬಳಕೆಗೆ ತಂದದ್ದು. ಆದರೆ ಪೋಲೆಂಡ್‌ನ ಕರೋಲ್ ಅದಾಮಿಯೆಟ್ಸ್ಕಿ 1896ರಲ್ಲೇ ಅಂಥದ್ದೊಂದನ್ನು ಮಾಡಿದ್ದರು. ಅವರ ಹೆಸರು ಯಾರ ಬಾಯಲ್ಲೂ ಬರಲ್ಲ, ಬೇಜಾರಾಗುತ್ತದೆ.

ಸರಿ, ಈಗ ಒಂದು ಕೋಣೆಯನ್ನು ಹೊಸದು ಮಾಡೋಣ.

[ತೆರೆಯ ಮೇಲೆ: ಖಾಲಿ ಕೋಣೆ, ಎರಡು ಸಾಲು ಟಾಸ್ಕ್‌ಗಳು]

ಮೊದಲ ಸಾಲು ಕಪಾಟಿನದು. ಅಳತೆ ತೆಗೆಯಲು 1 ದಿನ, ಬಡಗಿ ಮಾಡಿ ತರಲು 11 ದಿನ. ಒಟ್ಟು 12. ಎರಡನೇ ಸಾಲು ಗೋಡೆಯದು. ಹಳೇ ಗಾರೆ ಕೆತ್ತಲು 1 ದಿನ, ವೈರಿಂಗ್‌ಗೆ 2, ಹೊಸ ಗಾರೆಗೆ 2, ಒಣಗಲು 4. ಒಟ್ಟು 9. ಎರಡೂ ಸಾಲು ಮುಗಿದ ಮೇಲೆ ಕಪಾಟು ಕೂರಿಸಿ ಬಣ್ಣ ಬಳಿಯಲು 3 ದಿನ.

ಕೋಣೆ ಯಾವಾಗ ಸಿದ್ಧ? 12 ಮತ್ತು 3, ಅಂದರೆ 15 ದಿನಕ್ಕೆ. ಕಪಾಟಿನ ಈ ಉದ್ದದ ಸಾಲೇ ಕ್ರಿಟಿಕಲ್ ಪಾತ್. ಬಡಗಿ ಒಂದು ದಿನ ತಡ ಮಾಡಿದರೆ ಕೋಣೆಯೂ ಒಂದು ದಿನ ತಡ. ಗೋಡೆಯ ಸಾಲಿಗೆ ಮಾತ್ರ 3 ದಿನ ಬಿಡುವಿದೆ. ಆ ಬಿಡುವೇ ಫ್ಲೋಟ್.

ಗಮನಿಸಿ, ಕ್ರಿಟಿಕಲ್ ಅಂದರೆ ಮುಖ್ಯ ಅಂತಲ್ಲ. ವೈರಿಂಗ್ ತಪ್ಪಾದರೆ ಜೀವಕ್ಕೇ ಅಪಾಯ, ಕಪಾಟು ತಪ್ಪಾದರೆ ಪುಸ್ತಕ ನೆಲದ ಮೇಲಿರುತ್ತವೆ, ಅಷ್ಟೇ. ಆದರೂ ಇಲ್ಲಿ ಕ್ರಿಟಿಕಲ್ ಆಗಿರುವುದು ಕಪಾಟು, ಯಾಕೆಂದರೆ ಅದಕ್ಕೆ ಬಿಡುವಿಲ್ಲ. ವೀಕ್ಷಕರ ಪಕ್ಕದ ತಂಡಕ್ಕೂ ಹೀಗೇ ಬಿಡುವು ಇದ್ದಿರಬೇಕು.

ಆದರೆ ಕಥೆ ಇಲ್ಲಿಗೆ ಮುಗಿಯಲ್ಲ. ಈ ವಿಡಿಯೋ ಮಾಡಿದ್ದೇ ಈಗ ಹೇಳುವ ವಿಷಯಕ್ಕೆ.

[ತೆರೆಯ ಮೇಲೆ: ಗೋಡೆಯ ಸಾಲು ದೊಡ್ಡದಾಗಿ]

ಶೆಡ್ಯೂಲ್ ತೆರೆದರೆ ವೈರಿಂಗ್ ಮುಂದೆ "ಫ್ಲೋಟ್ 3" ಅಂತಿದೆ. ಗಾರೆ ಮುಂದೆಯೂ "ಫ್ಲೋಟ್ 3". ಇಬ್ಬರಿಗೂ ಮೂರು ಮೂರು ದಿನ ಇದೆ ಅನಿಸುತ್ತದೆ, ಅಲ್ವಾ? ಇಲ್ಲ. ಇರುವುದು ಒಂದೇ ಮೂರು ದಿನ. ಇಡೀ ಸಾಲಿಗೆ ಸೇರಿದ್ದು.

ಎಲೆಕ್ಟ್ರಿಷಿಯನ್ 2 ದಿನ ತಡ ಮಾಡುತ್ತಾರೆ. ಫ್ಲೋಟ್ ಇದೆ ಅಂತ ಯಾರೂ ಏನೂ ಅನ್ನಲ್ಲ. ಉಳಿದದ್ದು 1 ದಿನ. ಈ ವಿಷಯ ಗಾರೆಯವರಿಗೆ ಯಾರೂ ಹೇಳಿಲ್ಲ, ಅವರ ಕೈಯಲ್ಲಿರುವುದು ಹಳೇ ಪ್ರಿಂಟ್. ಅದರಲ್ಲಿ 3 ಅಂತಲೇ ಇದೆ. ಅವರೂ 2 ದಿನ ತಡ ಮಾಡುತ್ತಾರೆ. ಒಟ್ಟು 4 ದಿನವಾಯಿತು. ಕೋಣೆ 16ನೇ ದಿನಕ್ಕೆ ಹೋಯಿತು.

ಬೈಸಿಕೊಳ್ಳುವವರು ಯಾರು? ಗಾರೆಯವರು. ಇಬ್ಬರೂ ತಡ ಮಾಡಿದ್ದು ಎರಡೆರಡೇ ದಿನ. ಆದರೆ ಸಾಲಿನಲ್ಲಿ ಹಿಂದೆ ನಿಂತವರ ತಲೆಗೆ ಬಂತು. ಇದು ನನಗೆ ನಿಜಕ್ಕೂ ಅನ್ಯಾಯ ಅನಿಸುತ್ತದೆ. ಬಿಡುವು ಖರ್ಚಾದಾಗ ಮುಂದಿನವರಿಗೆ ತಿಳಿಸುವುದು ಶೆಡ್ಯೂಲ್ ನೋಡಿಕೊಳ್ಳುವವರ ಕೆಲಸ.

ಇದನ್ನು ಮೊದಲೇ ಹಿಡಿಯಲು ಇನ್ನೊಂದು ಲೆಕ್ಕ ಇದೆ, ಫ್ರೀ ಫ್ಲೋಟ್. ಮುಂದಿನ ಟಾಸ್ಕ್‌ಗೆ ಒಂದಿಷ್ಟೂ ತೊಂದರೆ ಕೊಡದೆ ನೀವು ಎಷ್ಟು ದಿನ ತಡ ಮಾಡಬಹುದು ಅನ್ನುವ ಲೆಕ್ಕ. ವೈರಿಂಗ್‌ನ ಫ್ರೀ ಫ್ಲೋಟ್ ಸೊನ್ನೆ, ಗಾರೆಯದೂ ಸೊನ್ನೆ. ಕೊನೆಯ ಒಣಗುವ ಟಾಸ್ಕ್‌ಗೆ ಮಾತ್ರ 3. ಎಷ್ಟೋ ಶೆಡ್ಯೂಲ್‌ಗಳಲ್ಲಿ ಈ ಕಾಲಮ್ಮನ್ನು ಯಾರೂ ತೆರೆದೇ ನೋಡಿರಲ್ಲ.

ಈಗ ಕೋಣೆ ಬೇಗ ಬೇಕು ಅಂದುಕೊಳ್ಳಿ. ಬಡಗಿಗೆ ಜಾಸ್ತಿ ದುಡ್ಡು ಕೊಟ್ಟು ಇನ್ನೊಬ್ಬರನ್ನು ಸೇರಿಸುತ್ತೀರಿ. 11 ದಿನದ ಕೆಲಸ 7 ದಿನಕ್ಕೆ ಬಂತು. ಇದಕ್ಕೆ ಕ್ರ್ಯಾಶಿಂಗ್ ಅನ್ನುತ್ತಾರೆ. ದುಡ್ಡು ಕೊಟ್ಟದ್ದು 4 ದಿನಕ್ಕೆ, ಉಳಿದದ್ದು ಮಾತ್ರ 3. ಯಾಕೆ? ಕಪಾಟಿನ ಸಾಲು 8ಕ್ಕೆ ಇಳಿದ ತಕ್ಷಣ 9 ದಿನದ ಗೋಡೆ ಸಾಲು ಕ್ರಿಟಿಕಲ್ ಆಯಿತು. ಅಲ್ಲಿ 4 ದಿನ ಬರೀ ಒಣಗುವುದಕ್ಕೇ ಬೇಕು. ಹತ್ತು ಜನ ಬಂದು ನಿಂತರೂ ಗಾರೆ ಬೇಗ ಒಣಗಲ್ಲ.

ಎಲ್ಲಿ ದುಡ್ಡು ಸುರಿದರೆ ದಿನ ಉಳಿಯುತ್ತದೆ ಅನ್ನುವ ಈ ಲೆಕ್ಕ 1957ರದು. ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್, ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ಸೇರಿ ಯುನಿವ್ಯಾಕ್ ಕಂಪ್ಯೂಟರ್ ಮೇಲೆ ಮಾಡಿದ್ದು. ಅಮೆರಿಕದ ಲೂಯಿವಿಲ್‌ನಲ್ಲಿದ್ದ ಡುಪಾಂಟ್ ಕಾರ್ಖಾನೆ ರಿಪೇರಿಗೆಂದು 125 ಗಂಟೆ ಬಾಗಿಲು ಹಾಕುತ್ತಿತ್ತು. ಈ ವಿಧಾನದಿಂದ ಅದು 93 ಗಂಟೆಗೆ ಇಳಿಯಿತು.

ಸಮಯ ಆಗುತ್ತಾ ಬಂತು, ಉಳಿದವನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಒಂದಾದ ಮೇಲೊಂದು ಮಾಡಬೇಕಾದ ಕೆಲಸಗಳನ್ನು ಒಟ್ಟೊಟ್ಟಿಗೆ ಮಾಡಿದರೆ ಫಾಸ್ಟ್ ಟ್ರ್ಯಾಕಿಂಗ್. ಖರ್ಚು ಅಷ್ಟಾಗಿ ಏರಲ್ಲ, ಆದರೆ ಮಾಡಿದ್ದನ್ನೇ ಮತ್ತೆ ಮಾಡುವ ಅಪಾಯ ಇದೆ. ಎಲ್ಲರೂ ಒಪ್ಪಿದ ಮೊದಲ ಪ್ಲಾನ್ ಬೇಸ್‌ಲೈನ್. ಅದನ್ನು ಸುಮ್ನೆ ತಿದ್ದಬೇಡಿ, ಎಷ್ಟು ತಡವಾಗಿದೆ ಅಂತ ಹೋಲಿಸಿ ನೋಡಲು ಬೇರೇನೂ ಇರಲ್ಲ. ಇನ್ನು ಪರ್ಟ್. 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ರೂಪಿಸಿದ್ದು. ಇದರಲ್ಲಿ ಒಂದು ಅಂದಾಜಿನ ಬದಲು ಮೂರು ಹಾಕುತ್ತಾರೆ. ಎಲ್ಲಾ ಸರಿಹೋದರೆ 2 ದಿನ, ಸಾಮಾನ್ಯವಾಗಿ 4, ಕೆಟ್ಟರೆ 12 ಅನ್ನಿ. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿ, ಆರರಿಂದ ಭಾಗಿಸಿ. 5 ದಿನ ಬರುತ್ತದೆ.

ಪ್ರಶ್ನೆ ಕೇಳಿದವರಿಗೆ: ನಿಮ್ಮ ಹಿಂದಿನ ಟಾಸ್ಕ್‌ಗಳು ಮುಗಿಯಬೇಕಿದ್ದ ದಿನ ಯಾವುದು, ಮುಗಿದ ದಿನ ಯಾವುದು, ಎರಡನ್ನೂ ಪಕ್ಕಪಕ್ಕ ಬರೆಯಿರಿ. ಕೆಲಸ ನಿಮ್ಮ ಕೈಗೆ ಬರುವ ಹೊತ್ತಿಗೆ ಎಷ್ಟು ಫ್ಲೋಟ್ ಉಳಿದಿತ್ತು ಅಂತ ಅಲ್ಲಿ ಗೊತ್ತಾಗುತ್ತದೆ. ಮುಂದಿನ ಮೀಟಿಂಗ್‌ಗೆ ಆ ಹಾಳೆ ತೆಗೆದುಕೊಂಡು ಹೋಗಿ.