ಭಾರ ಮೈಗೆ, ಜೋಮು ಬೆರಳಿಗೆ

ಕೇಳುಗರಿಗೆ ನಮಸ್ಕಾರ.

ನಡುರಾತ್ರಿ ಎಚ್ಚರವಾಗುತ್ತದೆ. ಬಲಗೈ ನಿಮ್ಮದೇ ಅಲ್ಲವೇನೋ ಅನ್ನುವ ಹಾಗೆ ಮರಗಟ್ಟಿರುತ್ತದೆ. ಎದ್ದು ಕೂತು, ಥರ್ಮಾಮೀಟರಿನ ಪಾದರಸ ಇಳಿಸುವವರಂತೆ ಕೈ ಕೊಡವುತ್ತೀರಿ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಕೈ ಮೇಲೆ ಮಲಗಿಬಿಟ್ಟಿದ್ದೆ ಅಂದುಕೊಂಡು ಸುಮ್ನೆ ಮಲಗುತ್ತೀರಿ. ಮರುದಿನ ರಾತ್ರಿ ಮತ್ತೆ ಅದೇ.

ಇದು ಕಾರ್ಪಲ್ ಟನಲ್ ಸಿಂಡ್ರೋಮ್ ಇರಬಹುದು. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಓಣಿ ಇದೆ. ಕೆಳಗೆ ಮತ್ತು ಅಕ್ಕಪಕ್ಕ ಪುಟ್ಟ ಮೂಳೆಗಳು, ಮೇಲೆ ದಪ್ಪನೆಯ ಪಟ್ಟಿ. ಬೆರಳು ಮಡಿಸುವ 9 ಹುರಿಗಳು ಅದರೊಳಗೆ ಹಾಯುತ್ತವೆ. ಅವುಗಳ ಜೊತೆಗೇ ಮೀಡಿಯನ್ ನರವೂ ತೂರಿಕೊಂಡು ಹೋಗಬೇಕು. ಗೋಡೆ ಹಿಗ್ಗುವುದಿಲ್ಲ. ಒಳಗೆ ಒತ್ತಡ ಜಾಸ್ತಿಯಾದರೆ ಮೊದಲು ನಲುಗುವುದು ನರವೇ. ಆಗ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಭಾಗ ಜುಮ್ ಅನ್ನುತ್ತವೆ. ಕಿರುಬೆರಳಿಗೆ ಏನೂ ಆಗುವುದಿಲ್ಲ, ಅದರ ನರದ ದಾರಿಯೇ ಬೇರೆ. ಅದಕ್ಕೇ ಡಾಕ್ಟರು ಯಾವ ಯಾವ ಬೆರಳು ಅಂತ ಕೆದಕಿ ಕೇಳುತ್ತಾರೆ.

ಆಮೇಲೆ ಅವರು ತೂಕದ ಯಂತ್ರ ತೋರಿಸಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ತೊಂದರೆ ಬೆರಳಲ್ಲಿ, ಇವರ ಕಣ್ಣು ಹೊಟ್ಟೆ ಮೇಲೆ! ಸಿಟ್ಟು ಸಹಜ. ಆದರೆ ಡಾಕ್ಟರು ತೂಕ ಕೇಳಿದ್ದು ತಪ್ಪಲ್ಲ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 29 ದಾಟಿದವರಲ್ಲಿ ಈ ತೊಂದರೆ ಕಾಣುವ ಸಾಧ್ಯತೆ 20ಕ್ಕಿಂತ ಕಡಿಮೆ ಇದ್ದವರಿಗಿಂತ ಎರಡೂವರೆ ಪಟ್ಟು ಇತ್ತು. ಬಿಎಂಐ ಲೆಕ್ಕ ಸುಲಭ. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿ. 165 ಸೆಂಟಿಮೀಟರ್ ಎತ್ತರದವರು 80 ಕಿಲೋ ಇದ್ದರೆ 29ರ ಮೇಲೆ ಬರುತ್ತದೆ.

ಹೊಟ್ಟೆಯ ಬೊಜ್ಜಿಗೂ ಮಣಿಕಟ್ಟಿಗೂ ಏನು ನಂಟು? ಓಣಿಯೊಳಗೂ ಕೊಬ್ಬು ಸೇರಿ ಜಾಗ ಕಡಿಮೆಯಾಗಬಹುದು, ಅಲ್ಲಿನ ದ್ರವದ ಒತ್ತಡ ಏರಬಹುದು ಅನ್ನುತ್ತಾರೆ. ಜೊತೆಗೆ ಸಕ್ಕರೆ ಕಾಯಿಲೆ. ಅದು ಬೊಜ್ಜಿನ ಬೆನ್ನಿಗೇ ಬರುವುದು ಹೆಚ್ಚು, ನರವನ್ನು ಮೊದಲೇ ಸೊರಗಿಸಿರುತ್ತದೆ. ಸೊರಗಿದ ನರಕ್ಕೆ ಸ್ವಲ್ಪ ಒತ್ತಿದರೂ ಸಾಕು ಅಲ್ವಾ?

ಹಾಗಂತ ಎಲ್ಲವನ್ನೂ ತೂಕದ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ತೆಳ್ಳಗಿರುವವರಿಗೂ ಬರುತ್ತದೆ. ಬಸುರಿಯರಿಗೆ, ಥೈರಾಯ್ಡ್ ಕಡಿಮೆ ಇರುವವರಿಗೆ, ದಿನವಿಡೀ ಬಿಗಿಯಾಗಿ ಹಿಡಿದು ಕೆಲಸ ಮಾಡುವವರಿಗೆ, ಅದುರುವ ಯಂತ್ರ ಹಿಡಿಯುವವರಿಗೂ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ತೂಕ ಇಳಿದ ಕೂಡಲೇ ಜೋಮು ಮಾಯ ಅಂತಲೂ ನಾನು ಹೇಳಲಾರೆ. ತೂಕ ಇಳಿಸಿ, ಒಳ್ಳೆಯದೇ. ಆದರೆ ಅದು ಇಳಿಯುವವರೆಗೆ ಕೈಯ ಚಿಕಿತ್ಸೆ ಮುಂದೂಡಬೇಡಿ.

ಶುರುವಿನಲ್ಲಾದರೆ ರಾತ್ರಿ ಮಣಿಕಟ್ಟು ನೇರವಾಗಿ ನಿಲ್ಲಿಸುವ ಪಟ್ಟಿ ಕಟ್ಟಿಕೊಂಡರೇ ಬಹಳ ಜನರಿಗೆ ಆರಾಮ ಸಿಗುತ್ತದೆ. ನಿದ್ದೆಯಲ್ಲಿ ಮಣಿಕಟ್ಟು ಮಡಿಚಿಕೊಂಡರೆ ಓಣಿಯ ಒತ್ತಡ ಏರುತ್ತದೆ, ಪಟ್ಟಿ ಅದನ್ನು ತಡೆಯುತ್ತದೆ. ಆಗಲಿಲ್ಲವೆಂದರೆ ಸ್ಟಿರಾಯ್ಡ್ ಇಂಜೆಕ್ಷನ್. ಅದಕ್ಕೂ ಬಗ್ಗದಿದ್ದರೆ ಓಣಿಯ ಮೇಲಿರುವ ಆ ದಪ್ಪನೆಯ ಪಟ್ಟಿಯನ್ನು ಸೀಳಿ ನರಕ್ಕೆ ಜಾಗ ಬಿಡಿಸುವ ಆಪರೇಷನ್.

ಈಗ ಎರಡೂ ಅಂಗೈ ತಿರುಗಿಸಿ ನೋಡಿ. ಹೆಬ್ಬೆರಳಿನ ಬುಡದಲ್ಲಿ ಒಂದು ಉಬ್ಬು ಇದೆಯಲ್ಲ, ಅದು ಎರಡು ಕೈಯಲ್ಲೂ ಒಂದೇ ಥರ ಇದೆಯೇ? ಒಂದು ಕಡೆ ಚಪ್ಪಟೆಯಾಗಿ, ಅಂಗಿಯ ಗುಂಡಿ ಹಾಕುವಾಗ ಬೆರಳು ಜಾರುತ್ತಿದ್ದರೆ, ಆ ನರ ಬಹಳ ದಿನದಿಂದ ಒತ್ತಿಹೋಗಿರಬಹುದು. ಈ ವಾರವೇ ಡಾಕ್ಟರಿಗೆ ತೋರಿಸಿ.

ನಮಸ್ಕಾರ.