ಮಿರ್ಚಿಯ ಉರಿ ನೀರಿಗೆ ಏಕೆ ಬಗ್ಗುವುದಿಲ್ಲ?

[ದೃಶ್ಯ: ಬಳ್ಳಾರಿಯ ಸಂಜೆ. ಕಾದ ಬಾಣಲೆಗೆ ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಬೀಳುತ್ತಿದೆ.]

ನಮಸ್ಕಾರ. ಒಗ್ಗರಣೆ-ಮಿರ್ಚಿಯ ಬಂಡಿಯ ಮುಂದೆ ನಿಂತವರಿಗೆಲ್ಲ ಒಂದು ವಿಷಯ ಗೊತ್ತು. ಖಾರ ನೆತ್ತಿಗೇರಿದಾಗ ಎಷ್ಟು ನೀರು ಕುಡಿದರೂ ಉರಿ ಇಳಿಯುವುದಿಲ್ಲ, ಆದರೆ ಎರಡು ಗುಟುಕು ಮಜ್ಜಿಗೆಗೆ ಇಳಿಯುತ್ತದೆ. ಇದರ ಕಾರಣ ಹುಡುಕುತ್ತ ಹೋದರೆ ನಮ್ಮ ಜೀವಕೋಶ ಹೇಗೆ ಕಟ್ಟಲ್ಪಟ್ಟಿದೆ ಎಂಬುದೇ ಸಿಗುತ್ತದೆ.

[ದೃಶ್ಯ: ಉದ್ದಕ್ಕೆ ಸೀಳಿದ ಮೆಣಸಿನಕಾಯಿ, ತೀರಾ ಹತ್ತಿರದಿಂದ.]

ಖಾರ ಇರುವುದು ಬೀಜದಲ್ಲಿ ಎಂದು ನಂಬಿದವರೇ ಹೆಚ್ಚು. ಅಲ್ಲ, ಬೀಜ ಅಂಟಿಕೊಂಡಿರುವ ಈ ಬಿಳಿ ತಿರುಳಿನಲ್ಲಿ. ಅಲ್ಲಿ ತಯಾರಾಗುವ ವಸ್ತು ಕ್ಯಾಪ್ಸೈಸಿನ್. ಅದರ ಅಣುವಿಗೆ ಒಂದು ಪುಟ್ಟ ತಲೆ, ಇಂಗಾಲ ಮತ್ತು ಜಲಜನಕದ ಉದ್ದನೆಯ ಬಾಲ.

[ದೃಶ್ಯ: ನೀರು ತುಂಬಿದ ತಟ್ಟೆಯಲ್ಲಿ ಬಜ್ಜಿಯ ಎಣ್ಣೆ. ಸಣ್ಣ ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತಿವೆ.]

ಈಗ ನೀರಿನ ಸ್ವಭಾವ ನೋಡೋಣ. ನೀರಿನ ಅಣುವಿನಲ್ಲಿ ಆಮ್ಲಜನಕದ ಕಡೆ ತುಸು ಋಣ, ಜಲಜನಕದ ಕಡೆ ತುಸು ಧನ. ಹಾಗಾಗಿ ಒಂದು ಅಣುವಿನ ಜಲಜನಕ ಪಕ್ಕದ ಅಣುವಿನ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ. ಇದೇ ಹೈಡ್ರೋಜನ್ ಬಂಧ. ನೀರಿನ ಅಣುವಿನೊಳಗಿನ ಬಂಧಕ್ಕೆ ಹೋಲಿಸಿದರೆ ಇದರ ಬಲ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ಕ್ಷಣಕ್ಷಣಕ್ಕೂ ಕಳಚುತ್ತದೆ, ಮತ್ತೆ ಕೂಡುತ್ತದೆ. ಎಣ್ಣೆಗೂ ನೀರಿಗೂ ಜಗಳವೇನಿಲ್ಲ; ನೀರಿಗೆ ನೀರಿನ ನಂಟೇ ಹೆಚ್ಚು, ಅಷ್ಟೇ. ವಿದ್ಯುದಂಶವಿಲ್ಲದ ಎಣ್ಣೆ ಆ ನಂಟಿನ ನಡುವೆ ಜಾಗ ಸಿಗದೆ ಒಂದೆಡೆ ಸೇರುತ್ತದೆ. ಕ್ಯಾಪ್ಸೈಸಿನ್‌ನ ಬಾಲಕ್ಕೂ ಇದೇ ಗತಿ. ನೀರು ಅದನ್ನು ತೊಳೆಯಲಾರದು.

[ದೃಶ್ಯ: ಚಿತ್ರ – ಎರಡು ಪದರದ ಕೋಶಪೊರೆ.]

ನಮ್ಮ ಕೋಶಗಳ ಪೊರೆ ನಿಂತಿರುವುದೂ ಇದೇ ಲೆಕ್ಕದ ಮೇಲೆ. ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಾತಿಯ ಅಣುಗಳು ನೀರಿಗೆ ಒಗ್ಗುವ ತಲೆಯನ್ನು ಹೊರಕ್ಕೆ, ಒಗ್ಗದ ಬಾಲಗಳನ್ನು ಒಳಕ್ಕೆ ಇಟ್ಟು ಎರಡು ಸಾಲಾಗಿ ನಿಲ್ಲುತ್ತವೆ. ದಪ್ಪ ಸುಮಾರು 5 ನ್ಯಾನೋಮೀಟರ್. ಅಂಟು ಇಲ್ಲ, ಮೊಳೆ ಇಲ್ಲ. ಪೊರೆಯೊಳಗೆ ಅಣುಗಳು ಅತ್ತಿತ್ತ ಸರಿದಾಡುತ್ತಲೇ ಇರುತ್ತವೆ. ನ್ಯೂಕ್ಲಿಯಸ್, ಮೈಟೋಕಾಂಡ್ರಿಯಾಗಳಿಗೂ ಇಂಥ ಪೊರೆಯೇ ಗೋಡೆ. ನ್ಯೂಕ್ಲಿಯಸ್‌ನೊಳಗಿನ ಡಿಎನ್‌ಎಯ ಎರಡು ಎಳೆಗಳನ್ನು ಹಿಡಿದಿರುವುದರಲ್ಲೂ ಹೈಡ್ರೋಜನ್ ಬಂಧದ ಪಾಲಿದೆ: ಎಳೆಗಳ ನಡುವೆ ಎದುರುಬದುರಾಗಿ ಕೂಡುವ ಎ, ಟಿ, ಜಿ, ಸಿ ಎಂಬ ಘಟಕಗಳಲ್ಲಿ ಎ-ಟಿ ಜೋಡಿಗೆ ಎರಡು, ಜಿ-ಸಿ ಜೋಡಿಗೆ ಮೂರು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಒಬ್ಬರ ಕೈಗೆ ಅಲುಗದ ತೇರು ಸಾವಿರಾರು ಕೈಗಳಿಗೆ ಹೊರಡುವಂತೆ, ಒಂದೊಂದೇ ಬಂಧ ದುರ್ಬಲವಾದರೂ ಎಲ್ಲ ಸೇರಿದರೆ ಬಲ.

[ದೃಶ್ಯ: ಚಿತ್ರ – ಪೊರೆಯಲ್ಲಿ ಹುದುಗಿದ ಪ್ರೋಟೀನ್, ನಡುವೆ ಮುಚ್ಚಿದ ದಾರಿ.]

ಕ್ಯಾಪ್ಸೈಸಿನ್ ಎಣ್ಣೆಯ ಜಾತಿಯದಾದ್ದರಿಂದ ನರಕೋಶದ ಪೊರೆಯೊಳಗೆ ಸಲೀಸಾಗಿ ನುಸುಳುತ್ತದೆ. ಅಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನ್ ಬಾಗಿಲಿದೆ. ಡೇವಿಡ್ ಜೂಲಿಯಸ್ ಅವರ ತಂಡ ಇದನ್ನು 1997ರಲ್ಲಿ ಗುರುತಿಸಿತು. 2021ರ ನೊಬೆಲ್ ಪ್ರಶಸ್ತಿಯನ್ನು ಅವರು ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ಹಂಚಿಕೊಂಡರು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಬಾಗಿಲು ತಾನೇ ತೆರೆಯುತ್ತದೆ. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲಿಗೆ ನಿಲ್ಲಿಸಿದ ಬೈಕಿನ ಸೀಟಿನ ಮೇಲೆ ಕುಳಿತವರಿಗೆ ಇದನ್ನು ವಿವರಿಸಬೇಕಿಲ್ಲ! ಕ್ಯಾಪ್ಸೈಸಿನ್ ಬಂದು ಕೂತರೆ ಬಾಯಿಯ ಸಾಮಾನ್ಯ ಉಷ್ಣತೆಯಲ್ಲೇ ಬಾಗಿಲು ತೆರೆದು ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗುತ್ತವೆ. ಮೆದುಳಿಗೆ ಹೋಗುವ ಸುದ್ದಿ: ನಾಲಿಗೆ ಸುಡುತ್ತಿದೆ.

ಆ ಬಾಗಿಲಲ್ಲಿ ಕ್ಯಾಪ್ಸೈಸಿನ್‌ನ ತಲೆಯನ್ನು ಹೈಡ್ರೋಜನ್ ಬಂಧ ಹಿಡಿಯುತ್ತದೆ, ಬಾಲವನ್ನು ಅದಕ್ಕಿಂತಲೂ ಮೆತ್ತನೆಯ ವಾಂಡರ್ ವಾಲ್ಸ್ ಸೆಳೆತ, ಅಂದರೆ ತೀರಾ ಹತ್ತಿರ ಬಂದ ಅಣುಗಳ ನಡುವಿನ ಸೆಳೆತ. ಎರಡೂ ಸಡಿಲವಾದ ಹಿಡಿತ, ಆದ್ದರಿಂದಲೇ ಸ್ವಲ್ಪ ಹೊತ್ತಿಗೆ ಉರಿ ಬಿಡುತ್ತದೆ. ಮಜ್ಜಿಗೆಯಲ್ಲಿರುವ ಕೇಸಿನ್ ಎಂಬ ಪ್ರೋಟೀನಿಗೆ ನೀರಿಗೊಗ್ಗದ ಭಾಗಗಳಿವೆ. ನಾಲಿಗೆಯ ಮೇಲೆ ಉಳಿದ ಕ್ಯಾಪ್ಸೈಸಿನ್ ಅವಕ್ಕೆ ಅಂಟಿಕೊಂಡು ಹೊಟ್ಟೆಗೆ ಇಳಿಯುತ್ತದೆ.

[ದೃಶ್ಯ: ಹೊಲದಲ್ಲಿ ಕೆಂಪು ಮೆಣಸಿನಕಾಯಿ ಕುಕ್ಕುತ್ತಿರುವ ಗಿಳಿ.]

ಹಕ್ಕಿಗಳಿಗೂ ಈ ಬಾಗಿಲಿದೆ, ಬಿಸಿಗೆ ತೆರೆಯುತ್ತದೆ. ಆದರೆ ಕ್ಯಾಪ್ಸೈಸಿನ್ ಕೂರುವ ಜಾಗದಲ್ಲಿ ಅಮೈನೋ ಆಮ್ಲಗಳು ಸ್ವಲ್ಪ ಬೇರೆ, ಹಿಡಿತ ಸಿಗುವುದಿಲ್ಲ. ಹಾಗಾಗಿ ಗಿಳಿಗೆ ಮಜ್ಜಿಗೆಯ ಹಂಗಿಲ್ಲ.