ಕಾಲುವೆ ಮೇಲೆ ನೇತಾಡುವ ರೈಲು ಹಳಿ

ಆ ಎರಡು ಗೋಪುರಗಳ ನಡುವೆ ನೋಡಿ. ಮೇಲೆ ತೂಗಿಬಿಟ್ಟಿರುವ ಆ ಕಬ್ಬಿಣದ ಸೇತುವೆಯಲ್ಲಿ ರೈಲು ಹಳಿ ಇದೆ. ನೀರಿನಿಂದ 135 ಅಡಿ ಮೇಲೆ, ಎರಡೂ ತುದಿ ಯಾವುದಕ್ಕೂ ತಾಗದ ಹಳಿ!

ಇದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಕಾಲುವೆ. ಬೋಸ್ಟನ್‌ನಿಂದ ಸುಮಾರು ಒಂದು ಗಂಟೆ ದಾರಿ. ಬೇಸಿಗೆಯ ಶುಕ್ರವಾರ ಸಂಜೆ ಹೊರಟರೆ ಎಷ್ಟು ಹೊತ್ತಾಗುತ್ತೆ ಅಂತ ಮಾತ್ರ ಕೇಳಬೇಡಿ.

ಕೇಪ್ ಕಾಡ್ ಸಮುದ್ರದೊಳಕ್ಕೆ ಚಾಚಿಕೊಂಡಿರುವ ನೆಲ. ಅದರ ಹೊರಗಿನ ಮರಳುದಿಬ್ಬಗಳಿಗೆ ಸಿಕ್ಕಿ ಒಡೆದ ಹಡಗುಗಳಿಗೆ ಲೆಕ್ಕವೇ ಇಲ್ಲ. ಸುತ್ತುವ ಬದಲು ನಡುವೆ ಕಡಿದುಬಿಡೋಣ ಅಂತ ದುಡ್ಡು ಹಾಕಿದವನು ಆಗಸ್ಟ್ ಬೆಲ್ಮಾಂಟ್. ನ್ಯೂಯಾರ್ಕಿನ ಮೊದಲ ಸಬ್‌ವೇಗೂ ಇವನದೇ ದುಡ್ಡು. 1914ರಲ್ಲಿ ಕಾಲುವೆ ತೆರೆಯಿತು, ಟೋಲ್ ಇಟ್ಟ. ಆದರೆ ಹಡಗಿನವರು ಹೆದರಿದರು. 1928ರಲ್ಲಿ ಸರ್ಕಾರವೇ ಕೊಂಡುಕೊಂಡಿತು.

ಹೆದರಿಕೆ ಯಾಕೆ ಅಂದರೆ, ಈ ನೀರಿನ ಓಟ ನೋಡಿ. ಪೂರ್ವದ ಕೊಲ್ಲಿಯಲ್ಲಿ ಭರತ ಬಂದರೆ ನೀರು ಒಂಬತ್ತು ಅಡಿಯಷ್ಟು ಏರುತ್ತದೆ, ಪಶ್ಚಿಮದಲ್ಲಿ ನಾಲ್ಕೇ ಅಡಿ. ಏರುವ ಹೊತ್ತೂ ಬೇರೆ ಬೇರೆ. ನಡುವೆ ತಡೆಯೋಕೆ ಒಂದು ಗೇಟೂ ಇಲ್ಲ. ಹಾಗಾಗಿ ನೀರು ಒಂದು ಕಡೆ ನುಗ್ಗುತ್ತದೆ, ಸುಮಾರು ಆರು ಗಂಟೆ ಬಿಟ್ಟು ಉಲ್ಟಾ ಹೊಡೆಯುತ್ತದೆ. ಈಜೋದು ಕಟ್ಟುನಿಟ್ಟಾಗಿ ಬಂದ್. ಆಗಿನ ಸೇತುವೆಗಳು ತಗ್ಗಿನವು, ಹಡಗು ಬಂದಾಗ ತೆರೆಯಬೇಕಿತ್ತು. ಕಿಂಡಿಯೂ ಕಿರಿದು. ಹಿಂದಿನಿಂದ ನೀರು ತಳ್ಳುತ್ತಿದ್ದರೆ ಹಡಗಿಗೆ ಬ್ರೇಕ್ ಎಲ್ಲಿಂದ ಬರಬೇಕು?

ಅದಕ್ಕೇ 1930ರ ದಶಕದಲ್ಲಿ ಕಾಲುವೆಯನ್ನು 480 ಅಡಿ ಅಗಲ ಮಾಡಿದರು. 1935ರಲ್ಲಿ ಸ್ಯಾಗಮೋರ್, ಬೋರ್ನ್ ಅನ್ನೋ ಎರಡು ಎತ್ತರದ ಕಮಾನು ಸೇತುವೆಗಳು ಬಂದವು. ಕೆಳಗಿನಿಂದ ನೋಡೋಕೆ ಏನು ಚೆಂದ! ಮೇಲೆ ಡ್ರೈವ್ ಮಾಡೋದು ಬೇರೆಯೇ ಕಥೆ. ಲೇನ್ ಹತ್ತೇ ಅಡಿ, ಪಕ್ಕಕ್ಕೆ ಸರಿಯೋಕೆ ಜಾಗವೇ ಇಲ್ಲ. ಪಕ್ಕದಲ್ಲಿ ಲಾರಿ ಬಂದರೆ ನನ್ನ ಮಾತು ನಿಂತುಹೋಗುತ್ತೆ. ಎರಡನ್ನೂ ತೆಗೆದು ಹೊಸದು ಕಟ್ಟುವ ಯೋಜನೆಯಿದೆ, ಮೊದಲ ಸರದಿ ಸ್ಯಾಗಮೋರ್‌ನದು. ಇಲ್ಲಿನವರ ಕಾರುಗಳ ಮೇಲೆ 'ಕೇಪ್ ಕಾಡ್ ಸುರಂಗ ಪರ್ಮಿಟ್' ಅಂತ ಸ್ಟಿಕ್ಕರ್ ಕಾಣಬಹುದು. ಸುರಂಗ ಹುಡುಕೋಕೆ ಹೋಗಬೇಡಿ, ಇಲ್ಲವೇ ಇಲ್ಲ. ಟ್ರಾಫಿಕ್‌ನಲ್ಲಿ ಬೆಂದವರ ತಮಾಷೆ ಅದು.

ನನಗಿಷ್ಟ ಮಾತ್ರ ಈ ರೈಲು ಸೇತುವೆ. ಇದೂ 1935ರದ್ದೇ. ರೈಲು ಕಡಿದಾದ ಏರು ಹತ್ತಲ್ಲ, ಅಷ್ಟೆತ್ತರಕ್ಕೆ ಹಳಿ ಹಾಕಬೇಕೆಂದರೆ ಮೈಲಿಗಟ್ಟಲೆ ದಿಬ್ಬ ಬೇಕು. ಅದಕ್ಕೇ 544 ಅಡಿಯ ಈ ನಡುಭಾಗ ಅಡ್ಡಡ್ಡಲಾಗಿಯೇ ಕೆಳಗಿಳಿಯುತ್ತದೆ. ಗೋಪುರಗಳಲ್ಲಿ ತಕ್ಕಡಿಯ ಹಾಗೆ ಎದುರು ತೂಕ ಕಟ್ಟಿದ್ದಾರೆ, ಮೋಟರಿಗೆ ಜಾಸ್ತಿ ಕಷ್ಟವಿಲ್ಲ. ಹಡಗಿಗೆ ದಾರಿ ಯಾವಾಗಲೂ ತೆರೆದೇ ಇರುತ್ತೆ. ರೈಲು ಬಂದಾಗ ಮಾತ್ರ ಇಳಿಯೋದು.

ಅದನ್ನು ನೋಡಬೇಕಾದರೆ ಬೇಸಿಗೆಯ ವಾರಾಂತ್ಯದಲ್ಲಿ ಬನ್ನಿ. ಬೋಸ್ಟನ್‌ನಿಂದ ಕೇಪ್‌ಫ್ಲೈಯರ್ ರೈಲು ಬರುತ್ತದೆ. ಬಜರ್ಡ್ಸ್ ಬೇ ಸ್ಟೇಷನ್ ಪಕ್ಕದ ದಡದಲ್ಲಿ ನಿಂತರೆ ಎಲ್ಲಾ ಚೆನ್ನಾಗಿ ಕಾಣುತ್ತೆ.